ತಂಡದ ಕೆಲಸಕ್ಕೆ ಅಂಕ ಬೇಡ ಎನ್ನುವವರಿಗೆ

ಚೆನ್ನೈನ ಆರ್ಕಿಟೆಕ್ಚರ್ ಕಾಲೇಜೊಂದರಲ್ಲಿ ಸ್ಟುಡಿಯೋ ಪಾಠ ಮಾಡುವ ನಾವು ಕೆಲವರು ಸೇರಿ ಒಂದು ಪ್ರಸ್ತಾವ ಮುಂದಿಟ್ಟಿದ್ದೇವೆ. ಗುಂಪಿನಲ್ಲಿ ಮಾಡಿಸುವ ಸ್ಟುಡಿಯೋಗಳಲ್ಲಿ ಶೀಟು, ಮಾಡೆಲ್ಲುಗಳಿಗೆ ಅಂಕ ಹಾಕಿ ಅಲ್ಲಿಗೆ ಬಿಡುವುದು ಬೇಡ. ಕೂಡಿ ಕೆಲಸ ಮಾಡುವುದನ್ನೂ ಪಾಠವಾಗಿ ಹೇಳಿಕೊಡೋಣ, ಅದನ್ನೂ ಅಳೆಯೋಣ, ಗುಂಪಿನ ಐವರಿಗೂ ಒಂದೇ ಅಂಕ ಹಂಚುವ ಪದ್ಧತಿಯನ್ನು ನಿಲ್ಲಿಸೋಣ. ಇಷ್ಟೇ ಅದರ ಸಾರ. ಇದಕ್ಕೆ ಸಹೋದ್ಯೋಗಿಗಳಿಂದ, ಜ್ಯೂರಿಗೆ ಬರುವ ಹಿರಿಯ ಆರ್ಕಿಟೆಕ್ಟರಿಂದ, ಬೆಂಗಳೂರು, ಬಳ್ಳಾರಿ, ಹೊಸೂರುಗಳಿಂದ ಮಕ್ಕಳನ್ನು ಇಲ್ಲಿಗೆ ಕಳಿಸಿರುವ ಕನ್ನಡದ ತಂದೆತಾಯಿಯರಿಂದ ಬಂದ ವಿರೋಧ ಸಣ್ಣದಲ್ಲ. ಅವರ ಮಾತುಗಳಲ್ಲಿ ಕೆಲವಕ್ಕೆ ತೂಕವಿದೆ, ಒಟ್ಟಾಗಿ ತಳ್ಳಿಹಾಕುವಂಥವಲ್ಲ. ಒಂದೊಂದನ್ನೂ ಎತ್ತಿಕೊಂಡು ಉತ್ತರಿಸುತ್ತೇನೆ.

ಅದಕ್ಕೆ ಮುಂಚೆ ಈಗ ನಡೆಯುತ್ತಿರುವುದೇನು ಎಂಬುದು ಸ್ಪಷ್ಟವಾಗಿರಲಿ. ಐದು ವರ್ಷದ ಬಿ.ಆರ್ಕ್.ನಲ್ಲಿ ಗುಂಪಿನ ಕೆಲಸ ಹೊಸದೇನಲ್ಲ. ಹಳೆಯ ಮನೆ, ಗುಡಿಗಳ ಮೆಷರ್ಡ್ ಡ್ರಾಯಿಂಗ್ ಗುಂಪಿನಲ್ಲೇ ಆಗುತ್ತದೆ. ಹಳ್ಳಿಗೆ ಹೋಗಿ ಮನೆಮನೆ ದಾಖಲಿಸುವುದು, ಮೈಲಾಪುರದ್ದೋ ಜಾರ್ಜ್ ಟೌನಿನದೋ ಒಂದು ಬೀದಿ ಹಿಡಿದು ಅರ್ಬನ್ ಡಿಸೈನ್ ಮಾಡುವುದು ಕೂಡ ಹಾಗೆಯೇ. ವಿದ್ಯಾರ್ಥಿಗಳು ‘ನಾಸಾ’ ಎಂದೇ ಕರೆಯುವ, 1957ರಲ್ಲಿ ಹುಟ್ಟಿದ ವಾಸ್ತುಶಿಲ್ಪ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘದ ಸ್ಪರ್ಧೆಗಳು, ಅದರಲ್ಲೂ ದಾಖಲೀಕರಣಕ್ಕೆ ಮೀಸಲಾದ ಲೂಯಿ ಕಾನ್ ಟ್ರೋಫಿ, ಗುಂಪಿಲ್ಲದೆ ಆಗುವ ಮಾತೇ ಅಲ್ಲ. ಹೀಗಾಗಿ ಗುಂಪಿನ ಕೆಲಸ ಬೇಕೇ ಬೇಡವೇ ಎಂಬ ಚರ್ಚೆ ಎಂದೋ ಮುಗಿದಿದೆ. ಕೆಲಸ ಮಾಡಿಸುತ್ತೇವೆ, ಹೇಗೆ ಮಾಡಬೇಕೆಂದು ಹೇಳಿಕೊಡುವುದಿಲ್ಲ. ಅಂಕ ಕೊಡುತ್ತೇವೆ, ಯಾರು ಏನು ಮಾಡಿದರೆಂದು ಕೇಳುವುದಿಲ್ಲ. ನಮ್ಮ ತಕರಾರು ಇರುವುದು ಇಲ್ಲಿ.

ಹಿರಿಯ ಆರ್ಕಿಟೆಕ್ಟರ ಆಕ್ಷೇಪದಿಂದ ಶುರು ಮಾಡುತ್ತೇನೆ. ವಿನ್ಯಾಸ ಒಂದು ಮನಸ್ಸಿನಲ್ಲಿ ಹುಟ್ಟುವಂಥದ್ದು, ಹತ್ತು ಜನ ಸೇರಿದರೆ ಅದು ಸಮಿತಿಯ ವರದಿಯಾಗುತ್ತದೆ, ಪ್ರತಿಭೆಯಿರುವ ಹುಡುಗ ಹುಡುಗಿಯರನ್ನು ನೀವು ಸರಾಸರಿಗೆ ಇಳಿಸುತ್ತೀರಿ ಎನ್ನುತ್ತಾರೆ ಅವರು. ಮೊದಲ ಗೆರೆ ಒಬ್ಬರ ಕೈಯಿಂದ ಬರಬಹುದು, ಒಪ್ಪುತ್ತೇನೆ. ಕೊನೆಯ ವರ್ಷದ ಥೀಸಿಸ್ ಒಬ್ಬರದೇ ಕೆಲಸವಾಗಿ ಉಳಿಯಬೇಕು ಎಂದು ನಮ್ಮ ಪ್ರಸ್ತಾವದಲ್ಲೂ ಬರೆದಿದ್ದೇವೆ. ಆದರೆ ಕಟ್ಟಡ ಆ ಮೊದಲ ಗೆರೆಗೆ ನಿಲ್ಲುವುದಿಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರಿನ ಕಲ್ಲಿನ ಓಣಿಗಳಲ್ಲಿ ಓಡಾಡಿದವರು ಬಿ.ವಿ. ದೋಶಿ ಅವರ ಹೆಸರು ಹೇಳುತ್ತಾರೆ, ಹೇಳಬೇಕಾದದ್ದೇ. 2018ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ನಾವೆಲ್ಲ ಹಿಗ್ಗಿದೆವು. ಆದರೆ ಆ ಕ್ಯಾಂಪಸ್ಸಿನ ನಕ್ಷೆಗಳು ಬಂದದ್ದು ಸ್ಟೈನ್, ದೋಶಿ, ಭಲ್ಲಾ ಎಂಬ ಮೂವರ ಹೆಸರಿನ ಕಚೇರಿಯಿಂದ. ಬೌಹೌಸ್ ಶಾಲೆ ಕಟ್ಟಿದ ವಾಲ್ಟರ್ ಗ್ರೋಪಿಯಸ್ ಅಮೆರಿಕಕ್ಕೆ ಹೋದ ಮೇಲೆ, 1945ರಲ್ಲಿ, ಕಿರಿಯ ಆರ್ಕಿಟೆಕ್ಟರ ಜೊತೆ ಸೇರಿ ತೆರೆದ ಕಚೇರಿಗೆ ತನ್ನ ಹೆಸರನ್ನಿಡಲಿಲ್ಲ, ‘ಆರ್ಕಿಟೆಕ್ಟ್ಸ್ ಕೊಲಾಬೊರೇಟಿವ್’ ಎಂದೇ ಕರೆದ. ಒಬ್ಬನೇ ಪ್ರತಿಭೆ ಎಂಬ ನಂಬಿಕೆ ಎಂಥ ಅನ್ಯಾಯ ಮಾಡಿಸುತ್ತದೆ ಎನ್ನುವುದಕ್ಕೂ ದಾಖಲೆಯಿದೆ. 1991ರ ಪ್ರಿಟ್ಜ್‌ಕರ್ ರಾಬರ್ಟ್ ವೆಂಚೂರಿ ಒಬ್ಬರಿಗೇ ಹೋಯಿತು. ದಶಕಗಳ ಕಾಲ ಜೊತೆಯಲ್ಲೇ ವಿನ್ಯಾಸ ಮಾಡಿದ, ಜೊತೆಯಲ್ಲೇ ಬರೆದ ಅವರ ಪತ್ನಿ ಡೆನಿಸ್ ಸ್ಕಾಟ್ ಬ್ರೌನ್ ಅವರ ಹೆಸರು ಅದರಲ್ಲಿ ಬರಲಿಲ್ಲ. 2013ರಲ್ಲಿ ಹಾರ್ವರ್ಡ್‌ನ ವಿದ್ಯಾರ್ಥಿನಿಯರು ಸಹಿ ಸಂಗ್ರಹಿಸಿ ಕೇಳಿದರೂ ಪ್ರಶಸ್ತಿ ಸಮಿತಿ ಒಪ್ಪಲಿಲ್ಲ.

ಸಮಿತಿಯ ವರದಿಯಾಗುತ್ತದೆ ಎಂಬ ಭಯದ ಹಿಂದೆ ಒಂದು ತಪ್ಪು ತಿಳಿವಳಿಕೆಯಿದೆ. ತಂಡವೆಂದರೆ ಪ್ರತಿ ಗೋಡೆಗೂ ಕೈಯೆತ್ತಿಸಿ ಮತ ಹಾಕುವುದಲ್ಲ. ಯಾವ ತೀರ್ಮಾನ ಯಾರದು, ಯಾವುದನ್ನು ಎಲ್ಲರೂ ಕೂತು ಒಪ್ಪಬೇಕು, ಒಪ್ಪದವರು ಎಲ್ಲಿಯವರೆಗೆ ವಾದಿಸಬಹುದು, ತೀರ್ಮಾನವಾದ ಮೇಲೆ ಏನು ಮಾಡಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ತಂಡದ ಕೆಲಸ. ಇದನ್ನು ಗೊತ್ತುಮಾಡಿಕೊಳ್ಳದ ಗುಂಪಿನಲ್ಲೇ ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವುದು. ಕೊನೆಗೆ ಸುಸ್ತಾಗಿ ಯಾರಿಗೂ ಬೇಡವಾದ ಮಧ್ಯದ ದಾರಿ ಹಿಡಿಯುವುದೂ ಅಲ್ಲೇ. ಹಿರಿಯರು ಜ್ಯೂರಿಯಲ್ಲಿ ಕಂಡು ಬೇಸತ್ತಿರುವ ಸಪ್ಪೆ ವಿನ್ಯಾಸಗಳು ಬಂದಿರುವುದು ಹೇಳಿಕೊಡದೆ ಬಿಟ್ಟ ಗುಂಪುಗಳಿಂದ.

ಎರಡನೆಯದು ಸಹೋದ್ಯೋಗಿಗಳ ಮಾತು: ಇದನ್ನೇನು ಪಾಠ ಮಾಡುವುದು, ಸಬ್‌ಮಿಷನ್‌ನ ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ತಾನಾಗಿಯೇ ಬರುತ್ತದೆ, ನಮಗೆಲ್ಲ ಹಾಗೇ ಬಂತಲ್ಲ. ರಾತ್ರಿಯೆಲ್ಲ ಎದ್ದು ಮೌಂಟ್‌ಬೋರ್ಡ್ ಕತ್ತರಿಸುವಾಗ ಸ್ನೇಹ ಬರುತ್ತದೆ, ನಿಜ. ಅದು ದೊಡ್ಡದೇ. ಕೂಡಿ ಕೆಲಸ ಮಾಡುವ ಕ್ರಮ ಬರುವುದಿಲ್ಲ ಎನ್ನಲು ನನ್ನ ಕಣ್ಣೆದುರಿನ ಒಂದು ಸಂಗತಿ ಹೇಳುತ್ತೇನೆ.

ಈಸ್ಟ್ ಕೋಸ್ಟ್ ರಸ್ತೆಯಲ್ಲಿ, ಮುಟ್ಟುಕಾಡಿನಲ್ಲಿ, 1996ರಲ್ಲಿ ತೆರೆದ ದಕ್ಷಿಣಚಿತ್ರವಿದೆ. ಲಾರಿ ಬೇಕರ್ ಅವರ ದಾರಿಯಲ್ಲಿ ಬೆನ್ನಿ ಕುರಿಯಾಕೋಸ್ ರೂಪಿಸಿದ ತಾಣ. ದಕ್ಷಿಣದ ಬೇರೆ ಬೇರೆ ಊರುಗಳ ಹಳೆಯ ಮನೆಗಳನ್ನು ಬಿಚ್ಚಿ ತಂದು, ಆಯಾ ಸೀಮೆಯ ಕುಶಲಕರ್ಮಿಗಳ ಕೈಯಲ್ಲೇ ಅಲ್ಲಿ ಮತ್ತೆ ಜೋಡಿಸಿದ್ದಾರೆ. ಕರ್ನಾಟಕದ ಭಾಗದಲ್ಲಿ ಇಳಕಲ್ಲಿನ ನೇಕಾರರ ಕಲ್ಲಿನ ಮನೆಯೂ ಇದೆ. ಎರಡನೇ ವರ್ಷದ ಐವರು ಅದನ್ನು ಅಳೆಯುತ್ತಿದ್ದರು. ಟೇಪಿನ ತುದಿಯ ಕೊಕ್ಕೆ ಸಡಿಲವಾಗಿತ್ತು. ಹೊರ ಅಳತೆ ತೆಗೆಯುವಾಗ ಮೂಲೆಯಲ್ಲಿ ಹಿಡಿದ ಹುಡುಗ ಸೊನ್ನೆಯನ್ನು ಬಿಟ್ಟು 10 ಸೆಂ.ಮೀ. ಗೆರೆಯನ್ನು ಕಲ್ಲಿನ ಅಂಚಿಗೆ ತಾಗಿಸಿದ. ಸವೆದ ಟೇಪನ್ನು ಹಿಡಿಯುವ ಸರಿಯಾದ ವಿಧಾನವೇ ಅದು. ಆದರೆ ಇನ್ನೊಂದು ತುದಿಯಲ್ಲಿ ಓದುತ್ತಿದ್ದ ಹುಡುಗಿಗೆ ಅವನು ಹೇಳಲಿಲ್ಲ. ಅವಳು ಕಂಡದ್ದನ್ನು ಓದಿದಳು, ಮೂರನೆಯವನು ಬರೆದುಕೊಂಡ, ನಾಲ್ಕನೆಯವಳು ರಾತ್ರಿ ಆಟೋಕ್ಯಾಡ್‌ಗೆ ಏರಿಸಿದಳು. ಕೋಣೆಗಳ ಒಳ ಅಳತೆ, ಗೋಡೆಗಳ ದಪ್ಪ ಎಲ್ಲ ಕೂಡಿಸಿದರೂ ಹೊರ ಅಳತೆಗೆ 10 ಸೆಂ.ಮೀ. ಕಡಿಮೆ ಬೀಳುತ್ತಿತ್ತು. ನೀನು ತಪ್ಪು ಓದಿದೆ, ನೀನು ತಪ್ಪು ಬರೆದೆ ಎಂದು ಎರಡು ಗಂಟೆ ಹೋಯಿತು. ಬೆಳಗಾದರೆ ಸಬ್‌ಮಿಷನ್. ಗೋಡೆಯೊಂದನ್ನು 10 ಸೆಂ.ಮೀ. ದಪ್ಪ ಮಾಡಿ ನಕ್ಷೆ ಹೊಂದಿಸಿಬಿಟ್ಟರು. ಶೀಟ್ ಅಂದವಾಗಿತ್ತು, ಐವರಿಗೂ ಒಂದೇ ಅಂಕ, ಒಳ್ಳೆಯ ಅಂಕವೇ ಬಂತು. ಮುಂದಿನ ಬ್ಯಾಚು ಅದೇ ಗೋಡೆಗೆ ಟೇಪ್ ಹಿಡಿದಾಗ ಸಂಗತಿ ಹೊರಬಿತ್ತು.

ಐವರಲ್ಲಿ ಒಬ್ಬರೂ ಸೋಮಾರಿಗಳಲ್ಲ, ದಡ್ಡರಂತೂ ಅಲ್ಲವೇ ಅಲ್ಲ. ಅವರಿಗೆ ಗೊತ್ತಿಲ್ಲದಿದ್ದುದು ಸಣ್ಣ ಸಣ್ಣ ಕ್ರಮಗಳು. ಹಿಡಿದವನು ‘ಹತ್ತರಲ್ಲಿ ಹಿಡಿದಿದ್ದೇನೆ’ ಎಂದು ಕೂಗಿ ಹೇಳಬೇಕು. ಓದಿದವಳ ಅಂಕಿಯನ್ನು ಬರೆಯುವವನು ತಿರುಗಿ ಓದಿ ಹೇಳಬೇಕು. ಜಾಗ ಬಿಡುವ ಮುಂಚೆ ಒಟ್ಟು ಅಳತೆಯನ್ನು ಬಿಡಿ ಅಳತೆಗಳ ಜೊತೆ ತಾಳೆ ನೋಡಬೇಕು. ತಾಳೆಯಾಗದಿದ್ದರೆ ತಪ್ಪು ಯಾರದೆಂದು ಹುಡುಕುವ ಮುಂಚೆ ತಪ್ಪು ಎಲ್ಲಿದೆಯೆಂದು ಹುಡುಕಬೇಕು. ಹೇಳಿಕೊಟ್ಟರೆ ಒಂದು ಮಧ್ಯಾಹ್ನದಲ್ಲಿ ಬರುವಂಥವು ಇವು. ಹೇಳಿಕೊಡದಿದ್ದರೆ ಐದು ವರ್ಷವಾದರೂ ಬರುವುದಿಲ್ಲ, ಏಕೆಂದರೆ ಗುಂಪಿನಲ್ಲಿ ಪ್ರತಿಯೊಬ್ಬರೂ ತಮಗೆ ಆಗಲೇ ಬರುವುದನ್ನೇ ಮಾಡುತ್ತ ಹೋಗುತ್ತಾರೆ. ಆಟೋಕ್ಯಾಡ್ ಬರುವವಳು ಮೊದಲ ವರ್ಷದಿಂದ ಐದನೇ ವರ್ಷದವರೆಗೂ ಆಟೋಕ್ಯಾಡ್ ಮುಂದೆಯೇ ಕೂತಿರುತ್ತಾಳೆ. ಅದಕ್ಕೇ ಪ್ರತಿ ಎರಡು ವಾರಕ್ಕೊಮ್ಮೆ ಪಾತ್ರ ಬದಲಾಗಬೇಕು ಎಂದು ನಾವು ಕೇಳುತ್ತಿರುವುದು.

ತಂದೆತಾಯಿಯರ ಆಕ್ಷೇಪ ಇದಕ್ಕಿಂತ ಬಿಸಿಯಾದದ್ದು. ಬಳ್ಳಾರಿಯ ತಾಯಿಯೊಬ್ಬರು ಫೋನಿನಲ್ಲಿ ನನಗೆ ಹೇಳಿದ ಮಾತು ಹೀಗಿತ್ತು: “ಮೇಡಂ, ನನ್ ಮಗಳು ನಿದ್ದಿಗೆಟ್ಟು ಮಾಡ್ತಾಳ, ಉಳದೋರು ಕೂತು ಉಣ್ತಾರ. ಗುಂಪಿಗೆ ಅಂಕ ಕೊಡೋದಾ ಅನ್ಯಾಯ. ಅದನ್ನ ಇನ್ನಾ ಹೆಚ್ಚು ಮಾಡ್ತೀವಿ ಅಂತೀರಲ್ಲ?” ಆ ತಾಯಿಯ ಸಿಟ್ಟು ನ್ಯಾಯವಾದದ್ದು. ಅದರ ಗುರಿ ಮಾತ್ರ ಬೇರೆಯಿರಬೇಕು. ಅವರ ಮಗಳಿಗೆ ಅನ್ಯಾಯ ಮಾಡುತ್ತಿರುವುದು ಯಾರು ಏನು ಮಾಡಿದರೆಂದು ಕೇಳದ ಈಗಿನ ಪದ್ಧತಿ. ನಾವು ತರಬೇಕೆಂದಿರುವುದು ಅದನ್ನು ಕೇಳುವ ಪದ್ಧತಿ.

ಗುಂಪಿನಲ್ಲಿ ಜನ ಕೈ ಸಡಿಲ ಬಿಡುತ್ತಾರೆಂಬುದು ಹಳೆಯ ಅನುಭವ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್ಮನ್ ಹಗ್ಗ ಎಳೆಸಿ ಅಳೆದು, 1913ರಲ್ಲಿ ಪ್ರಕಟಿಸಿದ: ಎಳೆಯುವವರು ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿನ ಬಲ ಇಳಿಯುತ್ತದೆ. ಅಮೆರಿಕದ ಲಟಾನೆ, ವಿಲಿಯಮ್ಸ್, ಹಾರ್ಕಿನ್ಸ್ ಎಂಬ ಮೂವರು 1979ರಲ್ಲಿ ವಿದ್ಯಾರ್ಥಿಗಳಿಂದ ಚಪ್ಪಾಳೆ ತಟ್ಟಿಸಿ, ಕೂಗಿಸಿ ಇದನ್ನೇ ಮತ್ತೆ ತೋರಿಸಿದರು. ನಮ್ಮ ವಿರೋಧಿಗಳು ಇಲ್ಲಿಗೆ ನಿಲ್ಲುತ್ತಾರೆ. ಆ ಮೂವರು ನಿಲ್ಲಲಿಲ್ಲ. ಎರಡು ವರ್ಷದ ನಂತರ ಅವರೇ ಮಾಡಿದ ಪ್ರಯೋಗದಲ್ಲಿ, ಗುಂಪಿನಲ್ಲಿ ಕೂಗುವಾಗಲೂ ಒಬ್ಬೊಬ್ಬರ ದನಿ ಬೇರೆಯಾಗಿ ಗೊತ್ತಾಗುತ್ತದೆ ಎಂದು ತಿಳಿಸಿದೊಡನೆ ಆ ಸಡಿಲಿಕೆ ಕಾಣದಾಯಿತು. ಸಡಿಲಿಕೆಗೆ ಕಾರಣ ಗುಂಪು ಎನ್ನುವುದಕ್ಕಿಂತ, ಗುಂಪಿನೊಳಗೆ ತನ್ನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲವೆಂಬ ಅರಿವು ಎನ್ನುವುದೇ ಸರಿ.

ಕೂಡಿ ಕಟ್ಟಿದರೂ ಯಾರ ಕೈ ಯಾವುದು ಎಂದು ಗುರುತಿಡುವುದು ನಮ್ಮ ಕಡೆ ಹೊಸ ಸಂಗತಿಯೂ ಅಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ, ಅವನ ಮಗ ಚಾವಣನ ಹೆಸರೂ ಇದೆ, ಅವರು ಕಡೆದ ವಿಗ್ರಹಗಳ ಬಳಿಯೇ. 1258ರ ಸೋಮನಾಥಪುರದ ಗುಡಿಯ ಗೋಡೆಯ ಸುತ್ತ ನಡೆದರೆ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಗುಡಿ ಎಲ್ಲರದು, ಆದರೆ ಈ ವಿಗ್ರಹ ಇಂಥವನದು ಎಂದು ಓದಿ ಹೇಳಬಹುದು. ಎಂಟುನೂರು ವರ್ಷದ ಹಿಂದೆ ಕಲ್ಲಿನಲ್ಲಿ ಬರೆದಿಟ್ಟದ್ದನ್ನು ಇಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅಸಾಧ್ಯ ಎಂಬ ಮಾತನ್ನು ನಾನು ಒಪ್ಪಲಾರೆ.

ಹಾಗಾದರೆ ಅಂಕ ಹೇಗೆ? ಸಿಡ್ನಿಯ ತಾಂತ್ರಿಕ ವಿಶ್ವವಿದ್ಯಾಲಯದವರು ರೂಪಿಸಿದ ‘ಸ್ಪಾರ್ಕ್’ ಎಂಬ ವಿಧಾನದ ಲೆಕ್ಕವನ್ನು ನಾವು ಎತ್ತಿಕೊಂಡಿದ್ದೇವೆ. ತಂಡದ ಕೆಲಸಕ್ಕೆ ಜ್ಯೂರಿ 70 ಕೊಟ್ಟಿತು ಎನ್ನಿ. ಹೇಳಿದ ಹೊತ್ತಿಗೆ ಕೆಲಸ ತಂದರೇ, ಇತರರ ಕೆಲಸ ನೋಡಿ ಉಪಯೋಗವಾಗುವ ಮಾತು ಹೇಳಿದರೇ, ಜಗಳ ಬಿಡಿಸಿದರೇ ಎಂಬಂಥ ಪ್ರಶ್ನೆಗಳಿಗೆ ಐವರೂ ಪರಸ್ಪರ ಗುಟ್ಟಾಗಿ ಅಂಕ ಹಾಕುತ್ತಾರೆ. ಒಬ್ಬಳಿಗೆ ಬಂದ ಒಟ್ಟು ಅಂಕವನ್ನು ತಂಡದ ಸರಾಸರಿಯಿಂದ ಭಾಗಿಸಿ ವರ್ಗಮೂಲ ತೆಗೆಯುವುದು. ಅವಳದು ಸರಾಸರಿಯ 1.21 ಪಟ್ಟಿದ್ದರೆ ವರ್ಗಮೂಲ 1.1, ಅವಳಿಗೆ 77. ಇನ್ನೊಬ್ಬನದು 0.81 ಇದ್ದರೆ 0.9, ಅವನಿಗೆ 63. ವರ್ಗಮೂಲ ಏಕೆಂದರೆ ಒಬ್ಬರ ಸಿಟ್ಟೋ ಪ್ರೀತಿಯೋ ಅಂಕವನ್ನು ಎಳೆದಾಡದಿರಲಿ ಎಂದು. ಇದರ ಮೇಲೆ ಪ್ರತಿಯೊಬ್ಬರಿಗೂ ಹತ್ತು ನಿಮಿಷದ ವೈವಾ, ಅದರಲ್ಲಿ ಒಂದು ಪ್ರಶ್ನೆ ಬೇರೊಬ್ಬರು ಮಾಡಿದ ಭಾಗದ ಮೇಲೆ. ಮೆಟ್ಟಿಲು ಬರೆದವಳು ಮಾತ್ರ ಮೆಟ್ಟಿಲ ಲೆಕ್ಕ ಹೇಳಬಲ್ಲಳು ಎಂದಾದರೆ ಅದು ತಂಡವಲ್ಲ. ಬಳ್ಳಾರಿಯ ಆ ತಾಯಿಗೆ ನಾನು ಈ 77, 63ರ ಲೆಕ್ಕವನ್ನೇ ಬಿಡಿಸಿ ಹೇಳಿದೆ.

ಇಲ್ಲಿಯೇ ಅತ್ಯಂತ ಗಟ್ಟಿಯಾದ ಆಕ್ಷೇಪ ಬರುತ್ತದೆ: ಸಹಪಾಠಿಗಳ ಕೈಗೆ ಅಂಕ ಕೊಟ್ಟರೆ ಗೆಳೆತನ, ಜಾತಿ, ಭಾಷೆ, ಗಂಡು ಹೆಣ್ಣೆಂಬ ಭೇದ ಎಲ್ಲ ಅಂಕಪಟ್ಟಿಗೆ ಬರುತ್ತವೆ, ಮಾತು ಕಡಿಮೆಯ ಮಕ್ಕಳು ಸಾಯುತ್ತಾರೆ. ಈ ಅಪಾಯ ನಿಜ. ನಮ್ಮ ತರಗತಿಗಳು ಊರಿನಿಂದ ಹೊರಗಿಲ್ಲ. ಆದರೆ ಈಗಿನ ಜ್ಯೂರಿಯಲ್ಲಿ ಈ ಭೇದಗಳು ಇಲ್ಲವೆಂದು ಯಾರು ಹೇಳಿದರು?

ಈರೋಡ್ ಜಿಲ್ಲೆಯ ತಾಳವಾಡಿ ಕಡೆಯ ಹುಡುಗನೊಬ್ಬ ನಮ್ಮಲ್ಲಿದ್ದ. ಹತ್ತನೆಯವರೆಗೆ ಕನ್ನಡ ಮಾಧ್ಯಮ, ಇಂಗ್ಲಿಷ್ ಎಂದರೆ ನಾಲಿಗೆ ತಡೆಯುತ್ತಿತ್ತು. ಹಳ್ಳಿ ಅಧ್ಯಯನಕ್ಕೆ ಅವನ ತಂಡ ಅವನ ಸೀಮೆಗೇ ಹೋಯಿತು. ಮನೆಮನೆಯ ಜಗಲಿಯಲ್ಲಿ ಕೂತು, ಮಾಡು ಯಾವಾಗ ಹೊದಿಸಿದ್ದು, ದನದ ಕೊಟ್ಟಿಗೆ ಏಕೆ ಆಚೆ ಹೋಯಿತು, ಹೆರಿಗೆಯಾದವಳು ಯಾವ ಕೋಣೆಯಲ್ಲಿರುತ್ತಾಳೆ ಎಂದು ಕೇಳಿ ತಿಳಿದವನು ಅವನೇ. ಉಳಿದ ನಾಲ್ವರಿಗೆ ಅಲ್ಲಿನ ಕನ್ನಡ ಬರುತ್ತಿರಲಿಲ್ಲ. ಜ್ಯೂರಿಯ ದಿನ ಮಾತನಾಡಿದವನು ಇಂಗ್ಲಿಷಿನಲ್ಲಿ ಚುರುಕಾಗಿದ್ದ ಬೇರೊಬ್ಬ. ಹೊಗಳಿಕೆಯೂ ಅವನಿಗೇ ಸಂದಿತು. ಆ ಸೆಮಿಸ್ಟರಿನಲ್ಲಿ ನಾವು ಅಂಕಕ್ಕೆ ಸೇರಿಸದೆ, ಪ್ರಯೋಗಕ್ಕೆಂದು, ಸಹಪಾಠಿಗಳ ಮೌಲ್ಯಮಾಪನ ಬರೆಸಿದ್ದೆವು. ನಾಲ್ಕೂ ಹಾಳೆಗಳಲ್ಲಿ ತಾಳವಾಡಿಯವನ ಹೆಸರು ಎಲ್ಲರಿಗಿಂತ ಮೇಲಿತ್ತು. ಇಂಗ್ಲಿಷಿನವನ ಹಾಳೆಯಲ್ಲೂ. ಜ್ಯೂರಿಗೆ ಕಾಣದ್ದು ಜೊತೆಯಲ್ಲಿ ನಡೆದವರಿಗೆ ಕಂಡಿತ್ತು.

ಇದರಿಂದ ಭೇದಗಳೆಲ್ಲ ಮಾಯವಾಗುತ್ತವೆ ಎನ್ನುವುದಿಲ್ಲ. ಅದಕ್ಕೇ ಕೆಲವು ಕಟ್ಟುಪಾಡು ಇಟ್ಟಿದ್ದೇವೆ. ತಂಡಗಳನ್ನು ಅಧ್ಯಾಪಕರೇ ಮಾಡಬೇಕು, ಗೆಳೆಯರ ಗುಂಪುಗಳನ್ನು ಹಾಗೇ ತಂಡ ಮಾಡಬಾರದು. ‘ಒಳ್ಳೆಯವನು’, ‘ಹೊಂದಿಕೊಳ್ಳುವವಳು’ ಎಂಬಂಥ ಮಾತುಗಳಿಗೆ ಅಂಕವಿಲ್ಲ, ಮಾಡಿದ ಕೆಲಸಕ್ಕೆ ಮಾತ್ರ. ತೀರಾ ಹೆಚ್ಚು ಅಥವಾ ಕಡಿಮೆ ಅಂಕ ಹಾಕಿದವರು ಯಾವ ದಿನದ ಯಾವ ಕೆಲಸ ಎಂದು ಬರೆಯಬೇಕು. ಅಧ್ಯಾಪಕರು ಅದನ್ನು ತಂಡದ ದಿನಚರಿ ಪುಸ್ತಕದ ಜೊತೆ, ಫೈಲುಗಳನ್ನು ಯಾರು ಯಾವಾಗ ಉಳಿಸಿದರೆಂಬ ದಾಖಲೆಯ ಜೊತೆ ತಾಳೆ ನೋಡಬೇಕು. ನಾಲ್ವರು ಸೇರಿ ಒಬ್ಬಳನ್ನು ತುಳಿದಂತೆ ಕಂಡರೆ ಲೆಕ್ಕವನ್ನು ಬದಿಗಿಡುವ ಅಧಿಕಾರ ಅಧ್ಯಾಪಕರಿಗಿದೆ. ನಾನು ಹೆಚ್ಚು ಗಮನಿಸಿರುವುದು ಹೆಣ್ಣುಮಕ್ಕಳ ವಿಷಯ. ಅಕ್ಷರ ದುಂಡಗಿದೆಯೆಂದು ಶೀಟಿನ ಬರಹ, ಸಭೆಯ ಟಿಪ್ಪಣಿ, ಪ್ರಿಂಟಿಂಗ್ ಅಂಗಡಿಗೆ ಓಡುವುದು ಅವರ ಪಾಲಿಗೆ. ಸೈಟಿನ ಲೆವೆಲ್ ತೆಗೆಯುವುದು, ಮೇಸ್ತ್ರಿಯ ಜೊತೆ ಮಾತು ಗಂಡುಹುಡುಗರ ಪಾಲಿಗೆ. ದಿನಚರಿಯಲ್ಲಿ ಬರೆದಾಗ ಇದು ಕಣ್ಣಿಗೆ ಹೊಡೆದು ಕಾಣುತ್ತದೆ. ಪಾತ್ರ ಬದಲಾಯಿಸಿ ಎಂದು ಹೇಳಲು ಆಗ ಕೈಯಲ್ಲಿ ಆಧಾರವಿರುತ್ತದೆ.

ಇನ್ನೊಂದು ವಾದ ಕಾನೂನಿನದು. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನೋಂದಣಿ ಕೊಡುವುದು ವ್ಯಕ್ತಿಗೆ, ತಂಡಕ್ಕಲ್ಲ, ಆದ್ದರಿಂದ ವ್ಯಕ್ತಿಯನ್ನೇ ಅಳೆಯಿರಿ ಎನ್ನುತ್ತಾರೆ. ನಾವು ಅಳೆಯಬೇಕೆನ್ನುವುದೂ ವ್ಯಕ್ತಿಯನ್ನೇ, ತಂಡದಲ್ಲಿ ಅವನೋ ಅವಳೋ ಹೇಗಿರುತ್ತಾರೆಂಬುದನ್ನು. ನೋಂದಣಿಯಾದ ಮರುದಿನ ಆ ವ್ಯಕ್ತಿ ಎದುರಿಸುವುದೇನು? 2019ರ ತಮಿಳುನಾಡು ಕಟ್ಟಡ ನಿಯಮಗಳು ಆರ್ಕಿಟೆಕ್ಟ್ ಅಲ್ಲದೆ ಸ್ಟ್ರಕ್ಚರಲ್ ಎಂಜಿನಿಯರ್, ಮಣ್ಣು ಪರೀಕ್ಷೆಯ ಎಂಜಿನಿಯರ್, ನಿರ್ಮಾಣದ ಎಂಜಿನಿಯರ್, ಗುಣಮಟ್ಟ ಪರಿಶೋಧಕ ಎಂದು ಬೇರೆ ಬೇರೆ ಹೊಣೆಗಾರರನ್ನು ಹೆಸರಿಸುತ್ತವೆ. ಆ ನಿಯಮಗಳಿಗೆ ಐದು ವರ್ಷ ಮುಂಚೆ, 2014ರ ಜೂನ್ 28ರ ಸಂಜೆ, ಪೋರೂರಿನ ಬಳಿ ಮೌಲಿವಾಕ್ಕಂನಲ್ಲಿ ಕಟ್ಟುತ್ತಿದ್ದ 11 ಮಹಡಿಯ ಕಟ್ಟಡ ಕುಸಿದು 61 ಜನ ಸತ್ತರು. ಅವರಲ್ಲಿ ಬಹುಪಾಲು ಕೂಲಿ ಕೆಲಸಕ್ಕೆ ಬಂದವರು. ನ್ಯಾಯಮೂರ್ತಿ ರಘುಪತಿ ಆಯೋಗ ವಿಚಾರಣೆ ನಡೆಸಿತು. ಪಕ್ಕದಲ್ಲೇ ಎದ್ದಿದ್ದ ಜೋಡಿ ಕಟ್ಟಡವನ್ನು 2016ರ ನವೆಂಬರ್ 2ರಂದು ಸ್ಫೋಟಕ ಇಟ್ಟು ಉರುಳಿಸಬೇಕಾಯಿತು. ಆ ಕುಸಿತದ ಕಾರಣಗಳನ್ನೆಲ್ಲ ತಂಡದ ಕೆಲಸದ ತಲೆಗೆ ಕಟ್ಟುವಷ್ಟು ಸರಳ ಮಾತು ನಾನು ಆಡುವುದಿಲ್ಲ. ಆದರೆ ಈ ನಗರದಲ್ಲಿ ಆರ್ಕಿಟೆಕ್ಚರ್ ಕಲಿಸುವವರು, ಮಣ್ಣಿನ ವರದಿ ಓದಿದವರು ಮತ್ತು ಕಂಬ ಬರೆಯುವವರು ಪರಸ್ಪರ ಪ್ರಶ್ನೆ ಕೇಳುವ ಅಭ್ಯಾಸವನ್ನು ತರಗತಿಯಲ್ಲಿ ಬೆಳೆಸದೆ, ಅದು ಮುಂದೆ ಸೈಟಿನಲ್ಲಿ ತಾನಾಗಿ ಬರುತ್ತದೆ ಎಂದು ಬಿಡಬಾರದು. ‘ನನಗೆ ಇದು ಸರಿ ಕಾಣುತ್ತಿಲ್ಲ, ತೋರಿಸು’ ಎಂದು ತನಗಿಂತ ಜೋರಾಗಿ ಮಾತಾಡುವವನಿಗೆ ಹೇಳಲು ಕಲಿಯುವುದು ಸಣ್ಣ ಕಲಿಕೆಯಲ್ಲ.

ಉಳಿದದ್ದು ಸಮಯದ ಮಾತು. ಸಿಲಬಸ್ಸೇ ಮುಗಿಯುವುದಿಲ್ಲ, ಇದಕ್ಕೆಲ್ಲಿ ಹೊತ್ತು ಎನ್ನುತ್ತಾರೆ. ಲೆಕ್ಕ ಹಾಕಿದ್ದೇವೆ. ಸೆಮಿಸ್ಟರಿನ ಆರಂಭದಲ್ಲಿ ಎರಡು ಮಧ್ಯಾಹ್ನ, ಸಭೆ ನಡೆಸುವುದು, ಕೆಲಸ ಹಂಚುವುದು, ಭಿನ್ನಾಭಿಪ್ರಾಯ ಬರೆದಿಡುವುದು, ಬೇರೊಬ್ಬರ ಫೈಲ್ ತೆರೆದು ಪರಿಶೀಲಿಸುವುದು ಇವುಗಳ ಅಭ್ಯಾಸಕ್ಕೆ. ನಡುವೆ ಒಂದು ಗಂಟೆ, ಅಂಕವಿಲ್ಲದ ಮೊದಲ ಮೌಲ್ಯಮಾಪನಕ್ಕೆ. ಕೊನೆಗೆ 40 ವಿದ್ಯಾರ್ಥಿಗಳಿಗೆ ಹತ್ತು ಹತ್ತು ನಿಮಿಷದ ವೈವಾ, ಏಳು ಗಂಟೆಗಿಂತ ಕಡಿಮೆ. ಈ ಹೊತ್ತನ್ನು ಪ್ರಸ್ತಾವಕ್ಕೆ ಸಹಿ ಹಾಕಿದ ನಾವು ಕೊಡುತ್ತೇವೆ. ನಾವು ಬಿಟ್ಟುಕೊಡಲಾರದ್ದು ಒಂದೇ: ನಡುವಿನ ಆ ಮೌಲ್ಯಮಾಪನ ಎಂಟನೇ ವಾರ ದಾಟಬಾರದು. ತನ್ನ ಬಗ್ಗೆ ತಂಡ ಏನು ಬರೆದಿದೆ ಎಂದು ಓದಿಕೊಂಡ ವಿದ್ಯಾರ್ಥಿಗೆ ತಿದ್ದಿಕೊಳ್ಳಲು ಇನ್ನೂ ಅರ್ಧ ಸೆಮಿಸ್ಟರ್ ಕೈಯಲ್ಲಿರಬೇಕು.